ನಡುವೆ ಹೋಗಿಬಂದ ಮಗುವಿನ ಕಾರ್ಡು

ಆ ಗುರುವಾರ ಅಂಗನವಾಡಿಯ ಲಸಿಕೆ ಸೆಷನ್ನಿನಲ್ಲಿ ಒಬ್ಬ ಮುದುಕಿ ನನ್ನ ಮುಂದಿಟ್ಟ ತಾಯಿ ಕಾರ್ಡಿನಲ್ಲಿ ಇದ್ದದ್ದು ನನ್ನದೇ ಅಕ್ಷರ. ನನ್ನ ಅಕ್ಷರ ಚೆಂದ, ಟ್ರೇನಿಂಗಿನ ದಿನಗಳಿಂದ ಅದೊಂದು ಜಂಬ ನನಗೆ. ಹುಟ್ಟಿದಾಗಿನ ಬಿಸಿಜಿ, ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು, ಒಂಬತ್ತು ತಿಂಗಳ ದಡಾರದ್ದು, ಎಲ್ಲದರ ಮುಂದೆಯೂ ತಾರೀಖು, ಪಕ್ಕದಲ್ಲಿ ನನ್ನ ಸಹಿ. ಮೇಲೆ ಮಗುವಿನ ಹೆಸರು, ಹನುಮೇಶ. ಆ ಹನುಮೇಶ ಸತ್ತು ಮೂರು ವರ್ಷಕ್ಕೆ ಬಂದಿತ್ತು. ಹದಿನಾಲ್ಕು ತಿಂಗಳಿನವನಿದ್ದಾಗ ಮನೆ ಹಿಂದಿನ ಹೊಲಗಾಲುವೆಗೆ ಬಿದ್ದು ತೀರಿಕೊಂಡಿದ್ದ.

ಕಾರ್ಡು ಇಟ್ಟ ಮುದುಕಿಯ ಪಕ್ಕ ಅವಳ ಸೊಸೆ ಕೂತಿದ್ದಳು. ಸೊಸೆಯ ತೊಡೆ ಮೇಲೆ ಒಂದು ಗಂಡು ಮಗು ಕೂತು ನನ್ನ ಪೆನ್ನನ್ನೇ ನೋಡುತ್ತಿತ್ತು.

ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವಾಗ ಕಾಲುವೆ ಬದಿಗೆ ಸಿಗುವ ಊರು ಅದು. ಅಲ್ಲಿಯ ಉಪಕೇಂದ್ರದ ನರ್ಸು ನಾನು. ನಡುವೆ ಎರಡೂವರೆ ವರ್ಷ ಲಿಂಗಸುಗೂರಿಗೆ ಡೆಪ್ಯುಟೇಶನ್ ಮೇಲೆ ಹೋಗಿ, ಮರಳಿ ಬಂದು ಎರಡು ತಿಂಗಳಾಗಿತ್ತಷ್ಟೆ. ಈ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿದ್ದು ನನಗೆ ಗೊತ್ತಿರಲಿಲ್ಲ. ಅವಸರದಲ್ಲಿ ತಪ್ಪು ಕಾರ್ಡು ತಂದಿದ್ದಾರೆ ಅಂದುಕೊಂಡೆ.

"ಆಯಿ, ಇದು ಅಣ್ಣಂದು ಕಾರ್ಡ್. ಇವಂದು ಕೊಡ್ರಿ."

"ಇವಂದ ರೀ ನರ್ಸಮ್ಮ. ಹನುಮೇಶಂದು. ಹದಿನಾರು ತಿಂಗಳಿಂದು ಒಂದು ಉಳದೈತಲ್ಲ, ಅದನ್ನ ಹಾಕ್ರಿ."

"ಹನುಮೇಶ ತೀರಿಕೊಂಡಾನಲ್ಲ ಆಯಿ."

"ನಡುಕ ಹೋಗಿದ್ದ," ಅಂದಳು ಮುದುಕಿ. "ಹೊಳ್ಳಿ ಬಂದಾನ."

ಸಂತೆಗೆ ಹೋದ ಮಗ ಮನೆಗೆ ಬಂದ ಅನ್ನುವ ಧಾಟಿಯಲ್ಲಿ ಅಂದಳು. ಅಂಗನವಾಡಿಯಲ್ಲಿ ಹದಿನೈದು ಹೆಂಗಸರಾದರೂ ಇದ್ದರು. ಯಾರೂ ನಗಲಿಲ್ಲ, ಯಾರೂ ತಲೆ ಎತ್ತಿ ನೋಡಲಿಲ್ಲ.

ನಾನು ಮಗುವಿನ ಅಂಗಿ ಸರಿಸಿ ಎಡತೋಳು ನೋಡಿದೆ. ಬಿಸಿಜಿ ಹಾಕಿದ ಕಲೆ ಇರಲಿಲ್ಲ. ಕೆಲವು ಮಕ್ಕಳಿಗೆ ಕಲೆ ಏಳುವುದೇ ಇಲ್ಲ, ಅದೊಂದನ್ನೇ ನಂಬಬಾರದು ಅಂತ ನಮಗೆ ಕಲಿಸಿದ್ದಾರೆ. ಆದರೆ ಪುಸ್ತಕದಲ್ಲಿಲ್ಲದ ಇನ್ನೊಂದು ಪರೀಕ್ಷೆ ನನ್ನ ಹತ್ತಿರ ಇದೆ. ಒಂದು ಸಲ ಸೂಜಿ ಕಂಡ ಮಗು ನನ್ನ ಬಿಳಿ ಕೋಟು ಕಂಡರೆ ಸಾಕು, ಬಾಗಿಲಿನಲ್ಲೇ ರಾಗ ತೆಗೆಯುತ್ತದೆ. ಈ ಮಗು ನಾನು ಸಿರಿಂಜಿನ ಕವರು ಹರಿದರೂ ಕೈಚಾಚಿ ನಕ್ಕಿತು. ಹುಟ್ಟಿದಾಗಿನಿಂದ ಇದರ ಮೈಗೆ ಒಂದು ಸೂಜಿಯೂ ತಾಕಿಲ್ಲ ಅನ್ನುವುದು ನನಗೆ ಖಾತ್ರಿಯಾಯಿತು.

"ಇವನಿಗೆ ಎಲ್ಲೆರ ಸೂಜಿ ಹಾಕಿಸೀಯೇನವಾ?" ಎಂದು ಸೊಸೆಯನ್ನು ಕೇಳಿದೆ. ಅವಳು ಅತ್ತೆಯ ಮುಖ ನೋಡಿದಳು.

"ಎಲ್ಲಾ ಆಗ್ಯಾವಲ್ಲ, ನೀವ ಹಾಕೀರಿ," ಅಂದಳು ಮುದುಕಿ ಕಾರ್ಡಿನ ಮೇಲೆ ಬೆರಳಿಟ್ಟು. "ಒಂದ ಕೂಸಿಗೆ ಎರಡೆರಡು ಸಲ ಯಾಕ ಚುಚ್ಚಬೇಕು?"

ನನ್ನ ನಾಲಿಗೆ ಮೊದಲಿನಿಂದಲೂ ಸ್ವಲ್ಪ ಚೂಪು. ಅಷ್ಟೂ ಜನರ ಮುಂದೆ, "ಸತ್ತ ಕೂಸಿಗೆ ಹಾಕಿದ್ದು ಇದರ ಮೈಗೆ ಬರ್ತದೇನಾಯಿ? ಇದು ಬ್ಯಾರೆ ಕೂಸು," ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿ ಕಾರ್ಡು ಮಡಚಿ ಸೊಂಟಕ್ಕೆ ಸಿಗಿಸಿದಳು, ಮಗುವನ್ನು ಎತ್ತಿಕೊಂಡಳು, ಹೊರಟೇಹೋದಳು. ಸೊಸೆ ಬಾಗಿಲಿನಲ್ಲಿ ಒಂದು ಸಲ ತಿರುಗಿ ನನ್ನ ಕಡೆ ನೋಡಿ ಅತ್ತೆಯ ಹಿಂದೆ ಹೋದಳು.

ಬೇರೆ ಸಮಯವಾಗಿದ್ದರೆ ನಾಲ್ಕು ದಿನ ಬಿಟ್ಟು ಸಮಾಧಾನ ಮಾಡಬಹುದಿತ್ತು. ಆದರೆ ಕಾಲುವೆಯ ಆಚೆ, ಆಂಧ್ರದ ಕಡೆಯಿಂದ ಬಂದು ನೆಲೆಸಿದ ಭತ್ತದ ರೈತರ ಕ್ಯಾಂಪಿನಲ್ಲಿ ಆಗಲೇ ಮೂರು ಮಕ್ಕಳಿಗೆ ದಡಾರ ಎದ್ದಿತ್ತು. ಅದರಲ್ಲೊಂದನ್ನು ಉಸಿರಾಟದ ತೊಂದರೆಯಾಗಿ ರಾಯಚೂರಿಗೆ ಒಯ್ದಿದ್ದರು. ಕ್ಯಾಂಪಿನ ಗದ್ದೆಗಳಿಗೆ ನಾಟಿಗೆ ಹೋಗುವವರು ಈ ಊರಿನ ಹೆಂಗಸರೇ. ಹೋಗುವಾಗ ಕಂಕುಳಲ್ಲಿ ಮಕ್ಕಳನ್ನೂ ಒಯ್ಯುತ್ತಾರೆ. ಒಂದು ಚುಚ್ಚುಮದ್ದೂ ಕಾಣದ ಹದಿನೈದು ತಿಂಗಳ ಮಗುವಿಗೆ ದಡಾರ ತಗುಲಿದರೆ ಏನಾಗುತ್ತದೆ ಅನ್ನುವುದನ್ನು ಲಿಂಗಸುಗೂರಿನ ವಾರ್ಡಿನಲ್ಲಿ ಕಣ್ಣಾರೆ ಕಂಡು ಬಂದಿದ್ದೆ.

ಸೆಷನ್ ಮುಗಿದ ಮೇಲೆ ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದು ಕೇಳಿದೆ. ವರ್ಷದ ಹಿಂದೆ ಸೇರಿದವಳು, ಪಾಪದ ಹುಡುಗಿ.

"ಕೂಸು ಹುಟ್ಟಿದ್ದು ಆಕಿ ತವರಾಗ ಸಿಸ್ಟರ್, ಮುದಗಲ್ ಕಡೆ. ಮನ್ಯಾಗ ಹೆರಿಗೆ ಆತಂತ. ಆರು ತಿಂಗಳಿಗೆ ಇಲ್ಲಿಗೆ ಕರ್ಕೊಂಡು ಬಂದ್ರು. ನಾನು ಕೇಳಿದೆ, ಈ ಕಾರ್ಡ್ ತೋರಿಸಿದ್ರು. ನಿಮ್ಮ ಜಾಗಕ್ಕ ಇದ್ದ ಸಿಸ್ಟರ್ ತಾರೀಖು ನೋಡಲೇ ಇಲ್ಲ, ಎಲ್ಲಾ ಆಗ್ಯಾವ ಬಿಡು ಅಂದ್ರು."

"ನಿನಗ ಗೊತ್ತಿದ್ದಿಲ್ಲೇನು, ಆ ಹನುಮೇಶ ಸತ್ತಾನಂತ?"

ಅವಳು ದನಿ ತಗ್ಗಿಸಿದಳು. "ಊರಿಗೇ ಗೊತ್ತೈತಿ. ಆದ್ರ ಆ ಆಯಿ ಮುಂದ ಯಾರು ಅಂತಾರ್ರೀ? ಕೂಸು ತೀರಿದಾಗ ಆಯಿ ಒಂದು ಹನಿ ಕಣ್ಣೀರು ಹಾಕಿಲ್ಲಂತ. ಅತ್ರ ದಾರಿ ತಪ್ಪತಾನ, ಸುಮ್ಮಿರ್ರಿ ಅಂದಳಂತ. ಸೊಸಿಗೂ ಅಳಾಕ ಬಿಡಲಿಲ್ಲಂತ."

ಶುಕ್ರವಾರ ಬೆಳಗ್ಗೆಯೇ ಅವರ ಮನೆಗೆ ಹೋದೆ. ಕೇರಿಯ ಕೊನೆಯ ಮನೆ. ಹಿತ್ತಲಿನ ಬಾಗಿಲು ತೆಗೆದರೆ ಹೊಲಗಾಲುವೆ. ಆ ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿದ್ದರು. ಆದರೂ ಒಳಗೆ ಕೂತರೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಮಗು ಪಡಸಾಲೆಯಲ್ಲಿ ಆಡುತ್ತಿತ್ತು. ಅದರ ಉಡುದಾರಕ್ಕೆ ಹಳೇ ಸೀರೆಯ ಅಂಚು ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ಕಂಬದಿಂದ ನಾಲ್ಕು ಹೆಜ್ಜೆ ಹೋಗುತ್ತಿತ್ತು, ಸೀರೆ ಬಿಗಿಯುತ್ತಿತ್ತು, ಅಲ್ಲೇ ನಿಂತು ಹಿಂದಿರುಗುತ್ತಿತ್ತು.

"ಹೋದ ಸಲ ಹಿತ್ತಲದಾಗಿಂದ ಹೋದ," ಅಂದಳು ಮುದುಕಿ ನಾನು ನೋಡಿದ್ದನ್ನು ನೋಡಿ. "ಈ ಸಲ ಬಿಡಂಗಿಲ್ಲ. ನೀರು ಕಂಡ್ರ ಅಳ್ತಾನ್ರೀ ನರ್ಸಮ್ಮ. ನೆನಪೈತಿ ಅವನಿಗೆ."

ನಿನ್ನೆಯ ಮಾತಿಗೆ ತಪ್ಪಾಯಿತು ಅಂದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗುವನ್ನು ಎಳೆದು ಬಲಗಿವಿ ಮಡಚಿ ಹಿಂದೆ ತೋರಿಸಿದಳು. ಹೆಬ್ಬೆರಳಿನಷ್ಟು ಅಗಲದ ಕಪ್ಪು ಮಚ್ಚೆ. "ಮಣ್ಣಿಗೆ ಇಡೋ ಮುಂದ ಹಂಚಿನ ಮಸಿ ಹಚ್ಚಿ ಕಳಿಸೀನಿ, ಇದ ಬೆರಳಿಲೆ. ನಮ್ಮ ಮನಿತನದಾಗ ಹಂಗ ಕಳಸ್ತೀವಿ. ಹೊಳ್ಳಿ ಬಂದ್ರ ಗುರ್ತಾ ಸಿಗಬೇಕಲ್ಲ?" ಅಂದು ತನ್ನ ಹೆಬ್ಬೆರಳನ್ನು ಆ ಮಚ್ಚೆಯ ಮೇಲೆ ಇಟ್ಟಳು. ಸರಿಯಾಗಿ ಕೂತಿತು.

ಹುಟ್ಟುಮಚ್ಚೆ ಎಷ್ಟೋ ಮಕ್ಕಳಿಗೆ ಇರುತ್ತದೆ. ಎಷ್ಟು ಎಳೆಗೂಸುಗಳ ಮೈ ನೋಡಿದ್ದೇನೋ ನಾನು, ಕಪ್ಪು, ಕೆಂಪು, ನೀಲಿ ಎಲ್ಲಾ ಕಂಡಿದ್ದೇನೆ. ಆದರೆ ಆ ಬೆರಳು ಅಲ್ಲಿ ಕೂತದ್ದು ನೋಡಿ ನನ್ನ ಮೈ ಝುಂ ಅಂದದ್ದು ಸುಳ್ಳಲ್ಲ. ಮಗು ಅಲುಗಾಡದೆ ನಿಂತಿತ್ತು, ದಿನಾ ಯಾರಾದರೂ ಹೀಗೆ ಅಳತೆ ನೋಡುತ್ತಾರೇನೋ ಅನ್ನುವಂತೆ. "ಹನುಮೇಶಾ" ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಕಂಬದ ಕಡೆ ಮುಖ ಮಾಡಿ ನಿಂತೇ ಇತ್ತು.

"ಕಿವಿ ಮಂದ ಅದಾವ ಈ ಸಲ," ಅಂದಳು ಮುದುಕಿ. "ನೀರು ಹೊಕ್ಕಿತ್ತಲ್ಲ."

ಆಮೇಲೆ ಅವಳು ಒಳಗಿನಿಂದ ಮಗನ ಹಳೇ ಮೊಬೈಲು ತಂದು ನನ್ನ ಕೈಗೆ ಕೊಟ್ಟಳು. ಅವಳ ಮಗ ಟ್ರ್ಯಾಕ್ಟರ್ ಹೊಡೆಯುವವನು, ಅವತ್ತು ಸಿಂಧನೂರಿಗೆ ಭತ್ತ ಹಾಕಲು ಹೋಗಿದ್ದ. "ನೀವು ಬ್ಯಾರೆ ಕೂಸು ಅಂತೀರಿ. ನಿಮ್ಮ ಸರಕಾರದವ್ರು ಇವನ್ನ ಕೇಳೋದು ಬಿಟ್ಟಿಲ್ಲ, ನೋಡ್ರಿ."

ಮೆಸೇಜುಗಳಿದ್ದವು. ನಿಮ್ಮ ಮಗು ಹನುಮೇಶನಿಗೆ ಹದಿನಾರು ತಿಂಗಳ ಲಸಿಕೆ ಬಾಕಿ ಇದೆ, ಹತ್ತಿರದ ಕೇಂದ್ರಕ್ಕೆ ಭೇಟಿ ಕೊಡಿ. ಒಂದರ ಕೆಳಗೊಂದು, ಸರಿಸಿದಷ್ಟೂ ಅದೇ. ಹನುಮೇಶ ಮಣ್ಣಿಗೆ ಹೋದ ಮೇಲಿನ ತಿಂಗಳುಗಳಲ್ಲೂ ಬಂದಿದ್ದವು, ಈ ಮಗು ಹೊಟ್ಟೆಯಲ್ಲಿದ್ದಾಗಲೂ ಬಂದಿದ್ದವು. "ಸತ್ತಿದ್ರ ಕರೀತಿದ್ರೇನ್ರೀ?" ಎಂದು ಕೇಳಿದಳು. "ಮೊದ್ಲ ಇದ್ದ ಆಶಾನ ಕೇಳಿದ್ದೆ. ಬುಕ್ಕಿನಾಗ ಏನು ಬರದಾರವ್ವಾ ಅಂತ. ಊರಾಗಿಲ್ಲ, ಬ್ಯಾರೆ ಕಡೆ ಹೋಗ್ಯಾನ ಅಂತ ಐತಿ, ನರ್ಸಮ್ಮನ ಬರದಾಳ ಅಂದಳು. ಅವತ್ತ ನನಗ ಖರೇ ಅನಿಸ್ತು."

ನಾನು ಮೊಬೈಲು ಕೆಳಗಿಟ್ಟೆ.

ಅದನ್ನು ಬರೆದವಳು ನಾನೇ. ಹನುಮೇಶ ಸತ್ತ ವಾರವೇ ನನ್ನ ಲಿಂಗಸುಗೂರಿನ ಆರ್ಡರು ಬಂದಿತ್ತು. ಐದು ವರ್ಷದೊಳಗಿನ ಮಗು ಸತ್ತರೆ ಮನೆಗೆ ಹೋಗಿ ಉದ್ದದ ಫಾರಂ ತುಂಬಬೇಕು, ಹೆತ್ತವರನ್ನು ಮೊದಲಿನಿಂದ ಕೊನೆವರೆಗೆ ಕೇಳಬೇಕು, ಆಮೇಲೆ ಮೀಟಿಂಗಿನಲ್ಲಿ ನಿಂತು ಉತ್ತರ ಹೇಳಬೇಕು. ನಾನು ಆ ತಾಯಿಯ ಮುಖ ನೋಡಲಾರದೆ, ಗಂಟು ಮೂಟೆ ಕಟ್ಟುವ ಅವಸರದಲ್ಲಿ, ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ "ವಲಸೆ" ಎಂದು ಬರೆದು ಮುಗಿಸಿದ್ದೆ. ಚೆಂದದ ಅಕ್ಷರದಲ್ಲಿಯೇ ಬರೆದಿದ್ದೆ. ಹೊಟ್ಟೆಪಾಡಿಗೆ ಊರು ಬಿಡುವವರು ಇಲ್ಲಿ ಬೇಕಾದಷ್ಟು, ಆ ಸಾಲಿನಲ್ಲಿ ಒಂದು ಹೆಸರು ಹೆಚ್ಚಾದರೆ ಯಾರೂ ಕೇಳುವುದಿಲ್ಲ. ವಲಸೆ ಹೋದವರು ಮರಳಿ ಬರಬಹುದು ಅಂತ ಇಲಾಖೆಯ ಕಂಪ್ಯೂಟರು ತಾನೇ ಮೆಸೇಜು ಕಳಿಸುತ್ತಲೇ ಇತ್ತು. ಮುದುಕಿ ಅದನ್ನು ನಂಬಿ ಕಾದಿದ್ದಳು.

ಅವತ್ತು ಅವಳಿಗೆ ಏನೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ, ಅಷ್ಟೇ.

ಶನಿವಾರ ಆಸ್ಪತ್ರೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಹೊಸ ಮಗುವಿನ ಹೆಸರು ಸೇರಿಸಹೊರಟರೆ ತಾಯಿಯ ನಂಬರು, ಮೊಬೈಲು, ಮಗುವಿನ ಹೆಸರು ಎಲ್ಲಾ ಒಂದೇ, ಈ ಮಗು ಈಗಾಗಲೇ ಇದೆ ಎಂದು ತೋರಿಸಿತು. ಮೂರು ಸಲ ಹಾಕಿದೆ, ಮೂರು ಸಲವೂ ಅದೇ. ಯಂತ್ರವೂ ಮುದುಕಿಯ ಪಕ್ಷವೇ. ನಗು ಬರಬೇಕಿತ್ತು, ಬರಲಿಲ್ಲ.

ನಮ್ಮ ಡಾಕ್ಟರು ಒಳ್ಳೆಯವರು, ವಯಸ್ಸಿನಲ್ಲಿ ಚಿಕ್ಕವರು. ಕೇಳಿಸಿಕೊಂಡು, "ಮೊದ್ಲು ಸೂಜಿ ಹಾಕ್ರಿ ಸಿಸ್ಟರ್. ದಡಾರದ ಬಾಟ್ಲಿ ಮೊದಲನೇ ಡೋಸಿಗೂ ಎರಡನೇದಕ್ಕೂ ಒಂದ. ಹದಿನಾರು ತಿಂಗಳದ್ದು ಅಂತ ಹೇಳಿ ಹಾಕಿಬಿಡ್ರಿ. ಮುದುಕಿಗೂ ಸಮಾಧಾನ, ಕೂಸಿಗೂ ಔಷಧ ಮುಟ್ತದ," ಎಂದರು.

ಔಷಧದ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಅದು ಹಾಲು ಕುಡಿದಷ್ಟು ಸುಲಭ. ಆ "ವಲಸೆ" ಅಲ್ಲೇ ಮುಚ್ಚಿಹೋಗುತ್ತಿತ್ತು, ಮರಳಿ ಬಂದಿದ್ದಾನೆ ಎಂದು ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಕೂತು ಮಸ್ಕಿ ಬರುವವರೆಗೂ ಅದನ್ನೇ ಯೋಚಿಸಿದೆ. ಆದರೆ ಒಂದು ವರ್ಷ ದಾಟಿದ ಮಗುವಿಗೆ ಮೊದಲಿಂದ ಹಾಕಬೇಕಾದದ್ದು ಒಂದೇ ಸಲಕ್ಕೆ ತೀರುವುದಿಲ್ಲ. ನಾಲ್ಕು ವಾರ ಬಿಟ್ಟು ಮತ್ತೊಂದು, ಅದಾಗಿ ನಾಲ್ಕು ವಾರಕ್ಕೆ ಇನ್ನೊಂದು. ಹಳೇ ಕಾರ್ಡಿನಲ್ಲಿ ಹದಿನಾರು ತಿಂಗಳದ್ದು ತುಂಬಿದರೆ ಐದನೇ ವರ್ಷದವರೆಗೂ ಆ ಮಗುವನ್ನು ಯಾರೂ ಕರೆಯುವುದಿಲ್ಲ. ಲೆಕ್ಕ ಇಟ್ಟು ಕರೆಯುವವಳು ನಾನೊಬ್ಬಳು, ನಾಳೆ ನನಗೆ ಇನ್ನೊಂದು ಆರ್ಡರು ಬರುತ್ತದೆ. ಸತ್ತವನ ಕಾರ್ಡಿನಲ್ಲಿ ಬದುಕಿದವನನ್ನು ಬಿಟ್ಟು ಹೋದಹಾಗಾಗುತ್ತದೆ. ಒಂದು ಸಲ ಬಿಟ್ಟು ಹೋದದ್ದೇ ಸಾಕಾಗಿತ್ತು.

ಸೋಮವಾರ ಡಾಕ್ಟರ ಮುಂದೆ ನಿಂತು, ಮೂರು ವರ್ಷದ ಹಿಂದೆ ನಾನು ಸುಳ್ಳು ಬರೆದಿದ್ದೇನೆ ಎಂದು ಬಾಯಿಬಿಟ್ಟು ಹೇಳಿದೆ. ಬರವಣಿಗೆಯಲ್ಲೂ ಕೊಟ್ಟೆ. ಅವರು ಕಾಗದವನ್ನು ಎರಡು ಸಲ ಓದಿ, "ನೋಟಿಸು ಬರ್ತದ್ರೀ ಸಿಸ್ಟರ್," ಎಂದರು. "ಬರ್ಲಿ ಸರ್," ಎಂದೆ. ಅವತ್ತು ಸಂಜೆಯ ಹೊತ್ತಿಗೆ ಈ ಊರಿನಲ್ಲೂ, ಮುದುಕಿಯ ಕೇರಿಯಿಂದ ಎರಡು ಕೇರಿ ಈಚೆಗೆ, ಒಂದು ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತು.

ಮಂಗಳವಾರ ಹೆಚ್ಚುವರಿ ಸೆಷನ್ನು. ಬೇರೆ ಮಕ್ಕಳನ್ನು ಮುಗಿಸಿ, ಹನ್ನೊಂದೂವರೆಗೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಆಶಾಳ ಜೊತೆ ಆ ಮನೆಗೆ ಹೋದೆ. ಡಬ್ಬಿಯಲ್ಲಿದ್ದ ದಡಾರದ ಬಾಟಲಿಯನ್ನು ಒಂಬತ್ತೂವರೆಗೆ ಕಲಸಿದ್ದೆ. ಕಲಸಿದ ಮೇಲೆ ನಾಲ್ಕು ತಾಸು ಮಾತ್ರ ಅದರ ಆಯುಷ್ಯ, ಆಮೇಲೆ ಚೆಲ್ಲಬೇಕು. ಒಂದೂವರೆಯವರೆಗೆ ಟೈಮಿತ್ತು.

ಮುದುಕಿ ಬಾಗಿಲಿನಲ್ಲಿಯೇ ಕೂತಿದ್ದಳು. ಒಳಗೆ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಅವಳ ಎದುರಿಗೆ ನೆಲದ ಮೇಲೆ ಕೂತು ಹಳೇ ರಿಜಿಸ್ಟರು ತೆಗೆದೆ.

"ಆಯಿ, ಇಲ್ಲಿ ಹನುಮೇಶನ ಹೆಸರೈತಿ. ಇದರ ಮುಂದ ಬ್ಯಾರೆ ಕಡೆ ಹೋಗ್ಯಾನ ಅಂತ ಬರದಾಕಿ ನಾನು. ಅದು ಸುಳ್ಳು. ಅವನು ತೀರಿದ ವಾರನ ನಾನು ನಿಮ್ಮ ಮನಿಗೆ ಬರಬೇಕಿತ್ತು, ನಿಮ್ಮ ಮುಂದ ಕುಂದರಬೇಕಿತ್ತು. ಅಂಜಿ ಬರಲಿಲ್ಲ. ಮೆಸೇಜ್ ಬಂದದ್ದು ಅವನು ಜೀವಂತ ಇದ್ದಾನಂತಲ್ಲ ಆಯಿ. ನಾನು ಸತ್ತಾನಂತ ಬರೀಲಿಲ್ಲ, ಅದಕ್ಕ."

ಅವಳು ರಿಜಿಸ್ಟರನ್ನು ನೋಡಿದಳು. ಓದಲು ಬಾರದವಳು. "ಈಗೇನು ಬರೀತಿ?" ಎಂದು ಕೇಳಿದಳು. ಅಲ್ಲಿಯವರೆಗೆ ಬಹುವಚನ ಬಿಡದವಳು ಅವತ್ತು ಏಕವಚನಕ್ಕೆ ಇಳಿದಿದ್ದಳು.

"ಖರೇ ಬರೀತೀನಿ."

"ಬರದ್ರ ಮುಗೀತಲ್ಲ ಅವನದು."

ಒಳಗೆ ಮಗು ಕಂಬಕ್ಕೆ ಕಟ್ಟಿದ ಸೀರೆ ಹಿಡಿದು ಏನೋ ಗುನುಗುತ್ತಿತ್ತು, ಹಿತ್ತಲಿನಲ್ಲಿ ನೀರು ಹರಿಯುತ್ತಿತ್ತು. ನಾನು "ವಲಸೆ" ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ "ಮರಣ" ಎಂದು ಬರೆದು, ಸಹಿ ಮಾಡಿದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ.

ಅಷ್ಟರಲ್ಲಿ ಒಳಗೆ ಮಗುವಿನ ಪಕ್ಕ ಕೂತಿದ್ದ ಸೊಸೆ ಎದ್ದಳು. ಅತ್ತೆಯನ್ನು ಕೇಳಲಿಲ್ಲ. ಉಡುದಾರದ ಗಂಟು ಬಿಚ್ಚಿ, ಮಗುವನ್ನು ಎತ್ತಿ ತಂದು ನನ್ನ ಮುಂದೆ ತೊಡೆಯ ಮೇಲೆ ಕೂಡಿಸಿಕೊಂಡು, ಕಾಲು ಒತ್ತಿ ಹಿಡಿದಳು. "ಮೊದಲಿಂದ ಹಾಕ್ರಿ ಅಕ್ಕಾರ," ಎಂದಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಆವಾಗಲೇ.

ಬಾಯಿಗೆ ಎರಡು ಹನಿ, ಎಡ ತೊಡೆಗೆ ಒಂದು, ಬಲತೋಳಿಗೆ ದಡಾರದ್ದು. ಆಗ ಗಂಟೆ ಹನ್ನೆರಡೂ ಹತ್ತು. ಬಿಸಿಜಿಯ ವಯಸ್ಸು ದಾಟಿತ್ತು, ಆ ಕಲೆ ಅವನ ತೋಳಿಗೆ ಇನ್ನು ಬರುವುದಿಲ್ಲ. ಮಗು ಒಂದು ಕ್ಷಣ ನನ್ನನ್ನು ನಂಬಲಾರದೆ ನೋಡಿ, ಆಮೇಲೆ ಕಿಟಾರನೆ ಕಿರುಚಿತು.

ಅದರ ಹಿಂದೆಯೇ ಇನ್ನೊಂದು ದನಿ ಎದ್ದಿತು. ಮುದುಕಿ ಹೊಸ್ತಿಲ ಮೇಲೆ ಕೂತಲ್ಲೇ ಎದೆ ಬಡಿದುಕೊಂಡು ಅಳಲು ಶುರುಮಾಡಿದ್ದಳು. ಹೆಣದ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. "ಹ್ವಾದ್ಯೇನೋ ನನ್ನಪ್ಪಾ ಹನುಮೇಶಾ, ನೀರಾಗ ಹ್ವಾದ್ಯೇನೋ ನನ್ನ ಹಡದಪ್ಪಾ..." ಕೇರಿಯ ಹೆಂಗಸರು ಕೈಯ ಕೆಲಸ ಬಿಟ್ಟು ಓಡಿ ಬಂದರು. "ಯಾರವ್ವಾ? ಯಾರು ಹೋದ್ರವ್ವಾ?" ಎಂದು ಬಾಗಿಲಿನಲ್ಲಿ ನಿಂತು ಕೇಳಿದರು. ಮುದುಕಿ ಹೆಸರು ಹೇಳಿದಳು. ಅವರು ಸೊಸೆಯ ತೊಡೆಯ ಮೇಲೆ ಅಳುತ್ತಿದ್ದ ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಸೆರಗು ತಲೆಗೆ ಎಳೆದುಕೊಂಡು, ಮೂರು ವರ್ಷದ ಹಿಂದೆ ಸತ್ತ ಮಗುವಿಗೆ ಅಳಲು ಕೂತರು. ಕಟ್ಟೆಯ ಮೇಲೆ ಒಬ್ಬ ಗಂಡಸು ಬಂದು ತಲೆಯ ರುಮಾಲು ತೆಗೆದು ನಿಂತ. ನಡುಹಗಲಿನ ಬಿಸಿಲಿನಲ್ಲಿ ಆ ಮನೆಯಲ್ಲಿ ಹೆಣವಿಲ್ಲದ ಸಾವು ನಡೆಯಿತು.

ಸೂಜಿ ಹಾಕಿದ ಮೇಲೆ ಅರ್ಧ ತಾಸು ಮಗುವನ್ನು ನೋಡುತ್ತಾ ಕೂರಬೇಕು ಅನ್ನುವುದು ನಮ್ಮ ನಿಯಮ. ಆ ಅಳುವಿನ ನಡುವೆ ಅರ್ಧ ತಾಸು ಕೂತೆ. ನಾನೂ ಅತ್ತೆ. ಮೂರು ವರ್ಷದ ಹಿಂದೆ ಇಲ್ಲಿ ಕೂತು ಅಳಬೇಕಿದ್ದುದನ್ನು ಅವತ್ತು ಅತ್ತೆ. ಸೊಸೆ ಮಾತ್ರ ಸದ್ದಿಲ್ಲದೆ, ಕಣ್ಣಲ್ಲಿ ಧಾರೆ ಸುರಿಸುತ್ತಾ ಮಗುವಿನ ಬೆನ್ನು ತಟ್ಟುತ್ತಿದ್ದಳು. ಹಳೇ ಕಾರ್ಡನ್ನು ಮುದುಕಿ ಎದೆಗೆ ಒತ್ತಿ ಹಿಡಿದಿದ್ದಳು. ಅದನ್ನು ನಾನು ಕೇಳಲಿಲ್ಲ.

ಹನ್ನೆರಡೂ ನಲವತ್ತಕ್ಕೆ ಮಗುವಿನ ಮೈ ಮುಟ್ಟಿ ನೋಡಿದೆ. ಚೆನ್ನಾಗಿತ್ತು. ಹೊಸ ಕಾರ್ಡು ತೆಗೆದು ಅವತ್ತು ಹಾಕಿದ್ದನ್ನೆಲ್ಲಾ ತುಂಬಿ, ನಾಲ್ಕು ವಾರದ ಮುಂದಿನ ಗುರುವಾರದ ತಾರೀಖು ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ.

ಮುದುಕಿಯ ಅಳು ಇಳಿದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿಗಿದ್ದ ಮಗುವನ್ನು ನೋಡಿದಳು. ಕಿವಿಯ ಹಿಂದೆ ನೋಡಲಿಲ್ಲ, ಮುಖ ನೋಡಿದಳು. ದಾರಿಯಲ್ಲಿ ಸಿಕ್ಕ ಯಾರದೋ ಮಗುವನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿ, ಹತ್ತಿರ ಸರಿದು, "ನಿನ್ನ ಹೆಸರೇನಪಾ ತಮ್ಮಾ?" ಎಂದು ಕೇಳಿದಳು.

ಮಾತು ಬಾರದ ಮಗು ಅವಳನ್ನೇ ನೋಡಿತು.

"ವೀರೇಶ, ಅತ್ತಿ," ಅಂದಳು ಸೊಸೆ. "ನೀವು ಇಲ್ಲದಾಗ ಹಂಗ ಕರೀತಿದ್ನಿ."

ಆ ಹೆಸರು ಕೇಳಿದ್ದೇ ಮಗು ತಿರುಗಿ ತಾಯಿಯ ಮುಖ ನೋಡಿತು.